ಎಲ್ಲರಿಗೂ ಅಡ್ಡಿಲ್ಲ

‘ಪರ್ಮಿಷನ್ ಡಿನೈಡ್’ ಅಂತ ಕಂಪ್ಯೂಟರ್ ಹೇಳಿದರೆ ಈಗ ನನಗೆ ಸಿಟ್ಟು ಬರುವುದಿಲ್ಲ. ಮೊದಲು ಬರುತ್ತಿತ್ತು. ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಜೊತೆ ದಿನಾ ಏಗುವವರಿಗೆ ಈ ಎರಡು ಶಬ್ದ ಚೆನ್ನಾಗಿ ಗೊತ್ತು. ಕೆಲಸದ ಗಡಿಬಿಡಿಯಲ್ಲಿರುತ್ತೇವೆ, ಆ ಕಡೆಯಿಂದ ಯಾರೋ ಫೋನಿನಲ್ಲಿ ಕಾಯುತ್ತಿರುತ್ತಾರೆ, ಸರಿಯಾಗಿ ಆಗಲೇ ಇದು ಬಂದು ಅಡ್ಡ ನಿಲ್ಲುತ್ತದೆ. ಒಮ್ಮೆ ದಾಟಿದರೆ ಸಾಕಪ್ಪಾ ಅನ್ನಿಸುತ್ತದೆ. ದಾಟುವ ಉಪಾಯವೂ ಎಲ್ಲರಿಗೂ ಗೊತ್ತು: ಚ್‌ಮಾಡ್ 777. ಯಾರಿಗೆ ಯಾವ ಹಕ್ಕು ಅಂತ ಬದಲಿಸುವ ಆಜ್ಞೆ ಅದು, 777 ಅಂದರೆ ಎಲ್ಲರಿಗೂ ಎಲ್ಲ ಹಕ್ಕು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಯಾರಾದರೊಬ್ಬರು ಅದನ್ನೇ ಹೇಳಿಕೊಟ್ಟಿರುತ್ತಾರೆ. ನಾನೂ ಒಂದು ರಾತ್ರಿ ಅದನ್ನೇ ಹೊಡೆದೆ. ಅದರಿಂದಾಗಿ ಒಬ್ಬ ಹುಡುಗ ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೂತ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ.

ನಮ್ಮ ಸಂಬಂಧದ ಮಾವ ಒಬ್ಬರದ್ದು ಶಿರಸಿಯಲ್ಲಿ ಸಣ್ಣ ಅಡಿಕೆ ವ್ಯಾಪಾರ ಇದೆ. ಚಾಲಿ ಅಡಿಕೆ ಎಷ್ಟು ಬಂತು, ರಾಶಿ ಅಡಿಕೆ ಎಷ್ಟು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ, ಎಲ್ಲ ಒಂದೇ ಕಂಪ್ಯೂಟರಿನಲ್ಲಿ. ಅದರಲ್ಲಿ ಲಿನಕ್ಸ್ ಹಾಕಿಕೊಟ್ಟವಳು ನಾನೇ. ಕೆಲಸ ಮಾಡುವ ಮೂರ್ನಾಲ್ಕು ಜನಕ್ಕೆ ಬೇರೆ ಬೇರೆ ಲಾಗಿನ್. ‘ಲೆಕ್ಕ’ ಅಂತ ಒಂದು ಗುಂಪು ಮಾಡಿ, ಆ ಗುಂಪಿನವರಿಗೆ ಮಾತ್ರ ಲೆಕ್ಕದ ಫೋಲ್ಡರ್ ತೆರೆಯುವ ಹಾಗೆ ಇಟ್ಟಿದ್ದೆ. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಏಪ್ರಿಲ್‌ನಲ್ಲಿ ಘಟ್ಟದ ಕೆಳಗಿನ ಒಬ್ಬ ಹುಡುಗ ಕೆಲಸಕ್ಕೆ ಸೇರಿದ. ಅಂಕೋಲೆ ಕಡೆಯವನು. ಬಿ.ಕಾಂ. ಮುಗಿಸಿದ್ದ, ತುಂಬಾ ಚುರುಕು, ಮಾತು ಕಡಿಮೆ.

ನಾನಾಗ ಬೆಂಗಳೂರಿನಲ್ಲಿದ್ದೆ. ರಾತ್ರಿ ಎಂಟೂವರೆಗೆ ಮಾವನ ಫೋನು. ಹೊಸಬನಿಗೆ ಲೆಕ್ಕದ ಫೈಲು ತೆರೆಯುತ್ತಿಲ್ಲ, ಬೆಳಿಗ್ಗೆ ಜನ ಬರುವುದರೊಳಗೆ ಹಿಂದಿನ ದಿನದ್ದು ಹೊಡೆದು ಮುಗಿಸಬೇಕು. ಅಲ್ಲಿ ಗುಡುಗು ಶುರುವಾಗಿತ್ತು. ಕರೆಂಟು ಹೋಗಿ ಯುಪಿಎಸ್ ಕೂಗುವುದು ಫೋನಿನಲ್ಲೇ ಕೇಳುತ್ತಿತ್ತು. ನಾನು ಇಲ್ಲಿಂದಲೇ ಒಳಗೆ ಹೋಗಿ ಹುಡುಗನನ್ನು ಲೆಕ್ಕದ ಗುಂಪಿಗೆ ಸೇರಿಸಿದೆ. ‘ಈಗ ನೋಡು’ ಅಂದೆ. ‘ಇಲ್ಲ ಅಕ್ಕಾ, ಮತ್ತೆ ಅದೇ ಬರ್ತದೆ’ ಅಂದ. ಇನ್ನೊಮ್ಮೆ ನೋಡಿದೆ. ಗುಂಪಿನಲ್ಲಿ ಅವನ ಹೆಸರು ಇದೆ, ಫೋಲ್ಡರಿನ ಗುಂಪೂ ಸರಿ ಇದೆ. ಆದರೂ ಪರ್ಮಿಷನ್ ಡಿನೈಡ್. ಯುಪಿಎಸ್ ಕೂಗುತ್ತಲೇ ಇತ್ತು. ಕೊನೆಗೆ ಆಫೀಸಿನ ಇಡೀ ಲೆಕ್ಕದ ಫೋಲ್ಡರಿಗೆ, ಒಳಗಿನ ಎಲ್ಲದಕ್ಕೂ ಸೇರಿಸಿ, 777 ಕೊಟ್ಟುಬಿಟ್ಟೆ. ಫೈಲು ತೆರೆಯಿತು.

‘ಆತನೇ ಕೂಸೆ?’ ಅಂತ ಮಾವ ಕೇಳಿದರು. ಆಯಿತೇನೇ ಹುಡುಗಿ ಅಂತ.

‘ಆತು ಮಾವ, ಈಗ ಅಡ್ಡಿಲ್ಲೆ’ ಅಂದೆ.

ನಮ್ಮ ಕಡೆ ಅಡ್ಡಿಲ್ಲ ಅನ್ನುವ ಮಾತಿಗೆ ಎಷ್ಟೆಲ್ಲ ಅರ್ಥ ಇದೆ ಅಂತ ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ. ಊಟ ಚೆನ್ನಾಗಿದೆ ಅನ್ನುವುದಕ್ಕೂ ಅಡ್ಡಿಲ್ಲ, ಒಳಗೆ ಬರಬಹುದು ಅನ್ನುವುದಕ್ಕೂ ಅಡ್ಡಿಲ್ಲ, ಹುಷಾರಾಗಿದ್ದೇನೆ ಅನ್ನುವುದಕ್ಕೂ ಅದೇ. ಆ ರಾತ್ರಿ ಮಾತ್ರ ನಾನು ಅಕ್ಷರಶಃ ಅದನ್ನೇ ಮಾಡಿದ್ದೆ. ಇದ್ದ ಅಡ್ಡಿಯನ್ನೆಲ್ಲ ಕಿತ್ತು ಹಾಕಿದ್ದೆ.

ಅಸಲಿಗೆ ಆ ಹುಡುಗ ಒಮ್ಮೆ ಲಾಗೌಟ್ ಆಗಿ ಮತ್ತೆ ಒಳಗೆ ಬಂದಿದ್ದರೆ ಸಾಕಿತ್ತು. ಯಾರು ಯಾವ ಗುಂಪಿಗೆ ಸೇರಿದವರು ಅನ್ನುವುದನ್ನು ಲಿನಕ್ಸ್ ಲಾಗಿನ್ ಆಗುವಾಗ ಒಮ್ಮೆ ನೋಡುತ್ತದೆ. ಆಮೇಲೆ ಹೊಸ ಗುಂಪಿಗೆ ಸೇರಿಸಿದರೆ, ಆಗಲೇ ಒಳಗೆ ಕೂತವರಿಗೆ ಅದು ತಾಗುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯ. ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ ಅಷ್ಟೇ.

ಸೊಪ್ಪು ನಮ್ದು, ದಾರಿ ಎಲ್ಲರದ್ದು

ಆ 777ರಲ್ಲಿ ಮೂರು ಅಂಕಿ ಯಾಕೆ ಅಂತ ಒಂದು ಸಲ ಹೇಳಿಬಿಡುತ್ತೇನೆ. ಮೊದಲನೆಯದು ಫೈಲಿನ ಮಾಲೀಕರಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೂರೂ ಕೂಡಿದರೆ 7. ಇಷ್ಟು ಯಾವ ಪಾಠದಲ್ಲಾದರೂ ಸಿಗುತ್ತದೆ. ನನಗೂ ಕಾಲೇಜಿನಲ್ಲಿ ಬಾಯಿಪಾಠ ಬರುತ್ತಿತ್ತು. ಆದರೆ ಒಂದೇ ವಸ್ತುವಿನ ಮೇಲೆ ಬೇರೆ ಬೇರೆಯವರಿಗೆ ಬೇರೆ ಬೇರೆ ತರದ ಹಕ್ಕು ಇರುತ್ತದೆ ಅನ್ನುವುದನ್ನು ನನಗೆ ಮೊದಲು ಕಲಿಸಿದ್ದು ಕಂಪ್ಯೂಟರ್ ಅಲ್ಲ, ನಮ್ಮ ಅಜ್ಜ.

ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟದ ವಿಷಯ ಗೊತ್ತೇ ಇದೆ. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ ಬೇಕು, ಒಲೆಗೆ ಕಟ್ಟಿಗೆ ಬೇಕು. ಅದಕ್ಕಾಗಿ ಬ್ರಿಟಿಷರ ಕಾಲದಿಂದ ತೋಟಕ್ಕೆ ಸೇರಿಸಿ ಬಿಟ್ಟುಕೊಟ್ಟ ಕಾಡು ಅದು. ನನಗೆ ಎಂಟು ಒಂಬತ್ತು ವರ್ಷ ಇರಬೇಕು. ಚಳಿಗಾಲ ಮುಗಿಯುವ ಹೊತ್ತು, ದರಕು ಗುಡಿಸುವ ಸಮಯ. ಅಜ್ಜನ ಹಿಂದೆ ನಾನೂ ಬೆಟ್ಟಕ್ಕೆ ಹೋಗಿದ್ದೆ. ಬೇಲಿಯ ದಾರಿಗೆ ಅಡ್ಡ ಹಾಕುವ ದಣಪೆಯ ಗಳ ಸರಿಸಿ ಒಳಗೆ ಹೋದರೆ, ನನಗೆ ಗುರುತಿಲ್ಲದ ಇಬ್ಬರು ಹೆಂಗಸರು ತಲೆಮೇಲೆ ಹೊರೆ ಹೊತ್ತು ನಮ್ಮ ಬೆಟ್ಟದ ನಡುವೆಯೇ ನಡೆದು ಬರುತ್ತಿದ್ದರು. ನಾನು ಅಜ್ಜನ ಪಂಚೆ ಎಳೆದು, ಅವರು ಯಾಕೆ ನಮ್ಮ ಬೆಟ್ಟಕ್ಕೆ ಬಂದಿದ್ದಾರೆ ಅಂತ ಕೇಳಿದೆ. ಅಜ್ಜ ನಿಂತರು. ಹೆಂಗಸರು ದಾಟುವ ತನಕ ಗಳ ಹಿಡಿದುಕೊಂಡಿದ್ದು, ಆಮೇಲೆ ಅದನ್ನು ಮೊದಲಿನ ಹಾಗೇ ಸೇರಿಸಿ, ‘ಸೊಪ್ಪು ನಮ್ದು. ನೆಲ ಸರ್ಕಾರದ್ದು. ದಾರಿ ಎಲ್ಲರದ್ದು’ ಅಂದರು. ಇನ್ನೇನೂ ಹೇಳಲಿಲ್ಲ. ದರಕು ತುಂಬುವ ಕಲ್ಲಿ ಹೊತ್ತು ಮುಂದೆ ಹೋದರು.

ಆವತ್ತು ನನಗೆ ಬೇಜಾರಾಗಿತ್ತು. ಇಷ್ಟು ದಿನ ನಮ್ಮದು ಅಂದುಕೊಂಡಿದ್ದ ಬೆಟ್ಟ ಪೂರ್ತಿ ನಮ್ಮದಲ್ಲ ಅಂತ ಗೊತ್ತಾದ ಬೇಜಾರು. ದೊಡ್ಡವಳಾದ ಮೇಲೆ ಲಿನಕ್ಸ್ ಕಲಿಯುವಾಗ ಒಂದು ಪ್ರಶ್ನೆ ತಲೆ ತಿನ್ನುತ್ತಿತ್ತು. ಫೋಲ್ಡರ್ ಅನ್ನು ‘ನಡೆಸುವುದು’ ಅಂದರೇನು? ಪ್ರೋಗ್ರಾಮನ್ನು ನಡೆಸಬಹುದು, ಫೋಲ್ಡರನ್ನು ಹೇಗೆ ನಡೆಸುವುದು? ಉತ್ತರ ದಣಪೆಯ ಹತ್ತಿರವೇ ಇತ್ತು. ಫೋಲ್ಡರಿನ ಮೇಲೆ ಆ 1 ಇದ್ದರೆ ಅದರ ಮೂಲಕ ಹಾದು ಹೋಗಬಹುದು ಅಂತ ಅರ್ಥ. ದಾರಿಯ ಹಕ್ಕು. ಒಳಗೆ ಏನೇನು ಇದೆ ಅಂತ ಪಟ್ಟಿ ನೋಡುವುದು ಬೇರೆ ಹಕ್ಕು, ಅದು 4. ದಾರಿಯ ಹಕ್ಕು ಇದ್ದು ಪಟ್ಟಿ ನೋಡುವ ಹಕ್ಕು ಇಲ್ಲದೆ ಇರಬಹುದು. ಆಗ ಹೋಗಬೇಕಾದ ಫೈಲಿನ ಹೆಸರು ಗೊತ್ತಿದ್ದವರು ನೇರ ಅಲ್ಲಿಗೆ ಹೋಗುತ್ತಾರೆ, ಸುತ್ತ ಏನಿದೆ ಅಂತ ಅವರಿಗೆ ಕಾಣುವುದಿಲ್ಲ. ಎಷ್ಟೋ ಜನ ಅನುಭವಸ್ಥರಿಗೂ ಇದು ಗೊಂದಲವೇ. ನನಗೆ ಆ ಹೊರೆ ಹೊತ್ತ ಹೆಂಗಸರು ಕಣ್ಣಿಗೆ ಬರುತ್ತಾರೆ, ಅಲ್ಲಿಗೆ ಮುಗಿಯಿತು.

ಗುಂಪು ಅನ್ನುವ ಕಲ್ಪನೆ ಲಿನಕ್ಸಿಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಮೊದಲಿಗೆ ಇರಲೇ ಇಲ್ಲ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಜೊತೆಗಾರರು ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಶುರು ಮಾಡಿದ್ದು. 1971ರ ಮೊದಲ ಕೈಪಿಡಿಯಲ್ಲಿ ಎರಡೇ ತರದ ಜನ. ಮಾಲೀಕರು, ಮತ್ತು ಮಾಲೀಕರಲ್ಲದವರು. ಆಮೇಲೆ ಬಂದದ್ದು ಗುಂಪು. ಬರಲೇಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ನಾನು ಮತ್ತು ಲೋಕ, ಇಷ್ಟೇ ಲೆಕ್ಕದಲ್ಲಿ ಯಾವ ಊರೂ ನಡೆಯುವುದಿಲ್ಲ, ಯಾವ ಆಫೀಸೂ ನಡೆಯುವುದಿಲ್ಲ. ನಡುವೆ ನಮ್ಮವರು ಅಂತ ಕೆಲವರು ಬೇಕಾಗುತ್ತಾರೆ. ಆ ರಾತ್ರಿ ನಾನು ಕೆಡಿಸಿದ್ದು ಆ ನಡುವಿನ ಜಾಗವನ್ನೇ. ಹುಡುಗನನ್ನು ನಮ್ಮವರ ಗುಂಪಿಗೆ ಸೇರಿಸಿಕೊಳ್ಳುವ ಬದಲು ಬೇಲಿಯನ್ನೇ ಕಿತ್ತೆ.

ಬೀಗ ಎಲ್ಲಿ ಹಾಕಿದ್ದೆ

ಆ ರಾತ್ರಿ ನಾನು ಇನ್ನೂ ಒಂದು ಕೆಲಸ ಮಾಡಿದ್ದೆ. 777 ಕೊಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಹಳೆಯ ಲೆಕ್ಕದ ಫೈಲುಗಳನ್ನಾದರೂ ಕಾಪಾಡೋಣ ಅಂತ ಒಂದೊಂದಕ್ಕೂ 444 ಕೊಟ್ಟೆ. ಎಲ್ಲರೂ ಓದಬಹುದು, ಯಾರೂ ಬರೆಯುವ ಹಾಗಿಲ್ಲ. ಮಾರನೆಯ ದಿನ ಮಾವನಿಗೆ ಫೋನ್ ಮಾಡಿ, ಹಳೆಯದಕ್ಕೆಲ್ಲ ಬೀಗ ಹಾಕಿದ್ದೇನೆ, ಯಾರಿಗೂ ಅಳಿಸಲಿಕ್ಕೆ ಬರುವುದಿಲ್ಲ, ನಿಶ್ಚಿಂತೆಯಿಂದಿರಿ ಅಂದೆ. ಈ ಒಂದು ಮಾತು ಆಮೇಲೆ ಎಷ್ಟು ಭಾರವಾಯಿತು ಅಂದರೆ, ಈಗಲೂ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೇ ತಿಂಗಳಲ್ಲಿ ಲೆಕ್ಕ ತಪಾಸಣೆಗೆ ಕಾಗದಪತ್ರ ಒಟ್ಟು ಮಾಡುವಾಗ ಮಾವ ಹಿಂದಿನ ವರ್ಷದ ಫೋಲ್ಡರ್ ತೆರೆದರು. ಖಾಲಿ. ಅದರ ಹಿಂದಿನ ವರ್ಷದ್ದೂ ಖಾಲಿ. ಈ ವರ್ಷದ್ದರಲ್ಲಿ ಫೆಬ್ರವರಿ ನಡುವಿನ ತನಕ ಏನೂ ಇಲ್ಲ. ಆಮೇಲಿನದು ಸರಿಯಾಗಿದೆ. ಫೋಲ್ಡರುಗಳು ಹಾಗೇ ಇವೆ, ಒಳಗೆ ಫೈಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟರೆ ಹೀಗೆ ಆಗುವುದಿಲ್ಲ ಅಂತ ಯಾರಿಗಾದರೂ ತಿಳಿಯುತ್ತದೆ. ಯಾರೋ ಹಳೆಯ ಲೆಕ್ಕವನ್ನು ಮಾತ್ರ ಆರಿಸಿ ಅಳಿಸಿದ ಹಾಗಿತ್ತು. ಮಾವ ನೇರ ಮನುಷ್ಯ. ಯಾರ ಮೇಲೂ ಸುಮ್ನೆ ಬೆರಳು ತೋರಿಸುವವರಲ್ಲ. ಆದರೆ ಅವರ ತಲೆಯಲ್ಲಿ ನಾನು ಹೇಳಿದ ಮಾತಿತ್ತು. ಹಳೆಯದಕ್ಕೆ ಬೀಗ ಇದೆ, ತಪ್ಪಿ ಕೈ ತಾಗಿ ಅಳಿಸುವುದು ಸಾಧ್ಯವಿಲ್ಲ. ಹಾಗಾದರೆ ಬೇಕೆಂದೇ ಬೀಗ ತೆಗೆದವರು ಯಾರು? ಆಫೀಸಿನಲ್ಲಿ ಹೊಸಬ ಒಬ್ಬನೇ. ಕಂಪ್ಯೂಟರ್ ಜಾಸ್ತಿ ಗೊತ್ತಿದ್ದವನೂ ಅವನೊಬ್ಬನೇ. ಅವನು ಬಂದ ಮೇಲೆಯೇ ಇದಾಗಿದ್ದು.

ಆದರೆ ನಾನು ಬೀಗ ಹಾಕಿದ ಜಾಗವೇ ತಪ್ಪಾಗಿತ್ತು. ಫೈಲನ್ನು ಅಳಿಸಲು ಫೈಲಿನ ಮೇಲೆ ಹಕ್ಕು ಬೇಕಿಲ್ಲ. ಫೈಲಿನ ಹೆಸರು ಇರುವುದು ಫೋಲ್ಡರಿನ ಪಟ್ಟಿಯಲ್ಲಿ. ಅಳಿಸುವುದು ಅಂದರೆ ಆ ಪಟ್ಟಿಯಿಂದ ಹೆಸರು ಹೊಡೆಯುವುದು. ಹಾಗಾಗಿ ಯಂತ್ರ ನೋಡುವುದು ಫೋಲ್ಡರಿನಲ್ಲಿ ಬರೆಯುವ ಹಕ್ಕು, ಜೊತೆಗೆ ಒಳಗೆ ಹಾಯುವ ಹಕ್ಕು. ಫೈಲಿಗೆ 444 ಇರಲಿ, 000 ಇರಲಿ, ಫೋಲ್ಡರ್ 777 ಆಗಿದ್ದರೆ ಒಳಗೆ ಲಾಗಿನ್ ಇರುವ ಯಾರು ಬೇಕಾದರೂ ಅದನ್ನು ಕಿತ್ತು ಎಸೆಯಬಹುದು. ತಾತ್ಕಾಲಿಕ ಫೈಲುಗಳಿಗೆ ಎಲ್ಲರೂ ಬಳಸುವ ಟೆಂಪ್ ಫೋಲ್ಡರ್ ಇದೇ ಕಾರಣಕ್ಕೆ 1777 ಇರುತ್ತದೆ. ಮೂರು ಅಂಕಿಗಳ ಎಡಕ್ಕೆ ಸೇರಿದ ಆ 1 ಇದ್ದರೆ ಅವರವರ ಫೈಲನ್ನು ಅವರವರೇ ಅಳಿಸಬೇಕು, ಇಲ್ಲವೇ ಫೋಲ್ಡರಿನ ಮಾಲೀಕರು, ಇಲ್ಲವೇ ಇಡೀ ಯಂತ್ರದ ಯಜಮಾನಿಕೆಯ ಲಾಗಿನ್ ಆದ ರೂಟ್. ಅಡಿಕೆ ಚೀಲದ ಬಾಯಿ ಗಟ್ಟಿ ಹೊಲಿದು, ಉಗ್ರಾಣದ ಬಾಗಿಲು ತೆರೆದಿಟ್ಟರೆ ಏನಾಗುತ್ತದೆ? ಚೀಲದ ಬಾಯಿ ಯಾರೂ ಬಿಚ್ಚುವುದಿಲ್ಲ. ಚೀಲವನ್ನೇ ಹೊತ್ತುಕೊಂಡು ಹೋಗುತ್ತಾರೆ. ನಾನು ಮಾಡಿದ್ದು ಹಾಗೆಯೇ ಇತ್ತು.

ಇನ್ನೊಂದು ವಿಷಯ. ನಾವಾಗಿಯೇ ಮೊದಲೇ ಹೇಳಿಡದಿದ್ದರೆ, ಯಾರು ಅಳಿಸಿದರು ಅನ್ನುವುದನ್ನು ಲಿನಕ್ಸ್ ಎಲ್ಲೂ ಬರೆದಿಡುವುದಿಲ್ಲ. ಹುಡುಗ ತಾನು ಮಾಡಿಲ್ಲ ಅಂತ ತೋರಿಸಲು ಏನು ಮಾಡಬೇಕಿತ್ತು? ಅವನ ಹತ್ತಿರ ಏನೂ ಇರಲಿಲ್ಲ. ಮಾವ ಅವನನ್ನು ಬೈಯಲಿಲ್ಲ. ‘ನಿಂಗೆ ಏನಾದ್ರೂ ಗೊತ್ತಿದ್ಯೇನೋ?’ ಅಂತ ಒಂದೇ ಸಲ ಕೇಳಿದರಂತೆ. ‘ಇಲ್ಲ ಸರ್’ ಅಂದನಂತೆ. ಎರಡು ದಿನ ಬಂದು ಕೂತ. ಚಹಾ ಕುಡಿಯಲು ಯಾರೂ ಅವನನ್ನು ಕರೆಯಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಮೂರನೇ ದಿನ ಅವನು ಬರಲಿಲ್ಲ.

ಪ್ರತಿ ರಾತ್ರಿ ಎರಡು ಗಂಟೆಗೆ

ಹುಡುಗ ಬರದ ಆ ದಿನ ರಾತ್ರಿಯೇ ಬಸ್ಸು ಹತ್ತಿ ನಾನು ಶಿರಸಿಗೆ ಬಂದೆ. ಮಾವನ ಮನೆಯಲ್ಲಿ ದೀಪಾವಳಿಗೆ ನಕಲು ಮಾಡಿಟ್ಟ ಡಿಸ್ಕ್ ಒಂದಿತ್ತು, ಅದರಿಂದ ಹಳೆಯ ವರ್ಷದ್ದೆಲ್ಲ ಸಿಕ್ಕಿತು. ದೀಪಾವಳಿಯಿಂದ ಈಚೆಗಿನ ಮೂರು ತಿಂಗಳನ್ನು ಮಾತ್ರ ಕಾಗದದ ಬಿಲ್ ನೋಡಿ ಮತ್ತೆ ಹೊಡೆಯಬೇಕಾಯಿತು. ಆದರೆ ನನಗೆ ಬೇಕಾಗಿದ್ದು ಫೈಲುಗಳಲ್ಲ, ಕಾರಣ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಬಿಲ್ಲುಗಳನ್ನು ಸ್ಕ್ಯಾನ್ ಮಾಡುವ ಯಂತ್ರಕ್ಕೆ ಅಂತ ಪ್ರತ್ಯೇಕ ಲಾಗಿನ್ ಒಂದಿತ್ತು. ಸ್ಕ್ಯಾನರ್ ಕೂರಿಸಿಕೊಟ್ಟವರು ಅದರ ಹೆಸರಿನಲ್ಲಿ ಒಂದು ಸಣ್ಣ ಕೆಲಸ ಇಟ್ಟು ಹೋಗಿದ್ದರು. ದಿನಾ ರಾತ್ರಿ ಎರಡು ಗಂಟೆಗೆ, 90 ದಿನಕ್ಕಿಂತ ಹಳೆಯ ಫೈಲುಗಳನ್ನು ಅಳಿಸು. ಸ್ಕ್ಯಾನ್ ಫೋಲ್ಡರ್ ತುಂಬಿಹೋಗದಿರಲಿ ಅಂತ. ಆದರೆ ಬರೆಯುವಾಗ ಸ್ಕ್ಯಾನ್ ಫೋಲ್ಡರಿನ ಬದಲು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಫೋಲ್ಡರಿನ ಹೆಸರು ಬಿದ್ದಿತ್ತು. ಅಂದರೆ ಲೆಕ್ಕದ ಫೋಲ್ಡರೂ ಅದರ ಹಾದಿಯಲ್ಲೇ ಬರುತ್ತಿತ್ತು. ಎರಡು ವರ್ಷಕ್ಕೂ ಜಾಸ್ತಿ ಕಾಲ, ದಿನಾ ರಾತ್ರಿ ಎರಡು ಗಂಟೆಗೆ ಆ ಪ್ರೋಗ್ರಾಮು ಲೆಕ್ಕದ ಫೋಲ್ಡರಿನ ಬಾಗಿಲಿಗೆ ಬರುತ್ತಿತ್ತು. ಆ ಲಾಗಿನ್ ಲೆಕ್ಕದ ಗುಂಪಿನದ್ದಲ್ಲ. ಹಾಗಾಗಿ ದಿನಾ ತಿರುಗಿ ಹೋಗುತ್ತಿತ್ತು.

ಇಂಥ ಕೆಲಸಗಳು ಏನಾದರೂ ತಪ್ಪು ಹೇಳಿದರೆ ಅದನ್ನು ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ಇಂಥ ಕೆಲಸ ನಡೆಸುವ ಪ್ರೋಗ್ರಾಮು, ಆ ಲಾಗಿನ್ನಿನ ಅಂಚೆಗೆ ಹಾಕುತ್ತದೆ. ಇಂಟರ್‌ನೆಟ್ಟಿನ ಮೇಲ್ ಅಲ್ಲ, ಅದೇ ಯಂತ್ರದ ಒಳಗಿನ ಅಂಚೆ. ಯಾರೂ ಓದುವವರಿಲ್ಲ. ಅದನ್ನು ತೆರೆದೆ. ಒಂದರ ಕೆಳಗೆ ಒಂದು, ದಿನಕ್ಕೊಂದರಂತೆ, ಎರಡು ವರ್ಷದಷ್ಟು ಕಾಗದ. ಎಲ್ಲದರಲ್ಲೂ ಒಂದೇ ಸಾಲು. ಲೆಕ್ಕದ ಫೋಲ್ಡರಿನ ಹೆಸರು, ಅದರ ಮುಂದೆ ಪರ್ಮಿಷನ್ ಡಿನೈಡ್. ನಾನು ಕೆಳಗೆ ಕೆಳಗೆ ಹೋದೆ. ಮಳೆಗಾಲ, ದೀಪಾವಳಿ, ಜನವರಿ, ಮಾರ್ಚ್. ಏಪ್ರಿಲ್‌ನಲ್ಲಿ ಒಂದು ದಿನ ನಿಂತುಹೋಯಿತು. ಆಮೇಲೆ ಏನೂ ಇಲ್ಲ. ಕೊನೆಯ ಕಾಗದ ಬಂದ ದಿನವೇ ರಾತ್ರಿ ಎಂಟೂವರೆಗೆ ಮಾವ ಫೋನ್ ಮಾಡಿದ್ದು. ಒಂಬತ್ತರ ಒಳಗೆ ನಾನು 777 ಹೊಡೆದಿದ್ದೆ. ಎರಡು ಗಂಟೆಗೆ ಅದು ಎಂದಿನ ಹಾಗೆ ಬಂತು, ಬಾಗಿಲು ತೆರೆದಿತ್ತು, ಒಳಗೆ ಹೋಗಿ ತನಗೆ ಹೇಳಿದ ಕೆಲಸ ಮಾಡಿತು. ಕೆಲಸ ಸರಿಯಾಗಿ ಆದರೆ ಅದು ಏನೂ ಹೇಳುವುದಿಲ್ಲ. ಅದಕ್ಕೇ ಅಂಚೆ ನಿಂತದ್ದು.

ಅಲ್ಲಿ ಕೂತು ನಾನು ಅತ್ತೆ. ಎರಡು ವರ್ಷ ಯಾರಿಗೂ ಗೊತ್ತಿಲ್ಲದೆ, ಯಾರಿಂದಲೂ ಒಳ್ಳೆಯ ಮಾತು ಕೇಳದೆ, ಆ ಎರಡು ಶಬ್ದ ದಿನಾ ರಾತ್ರಿ ನಮ್ಮ ಲೆಕ್ಕವನ್ನು ಕಾದಿದ್ದವು.

ಜೆರೋಮ್ ಸಾಲ್ಟ್‌ಜರ್, ಮೈಕೆಲ್ ಶ್ರೋಡರ್ ಅನ್ನುವ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲಿ ಈ ಹಕ್ಕುಗಳ ವಿಷಯದ ಮೇಲೆ ಒಂದು ಲೇಖನ ಬರೆದಿದ್ದರು. ಪ್ರತಿ ಪ್ರೋಗ್ರಾಮಿಗೂ ಪ್ರತಿ ಮನುಷ್ಯರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಇರಬೇಕು ಅಂತ ಅದರಲ್ಲಿ ಬರುತ್ತದೆ. ಅದನ್ನು ಎಲ್ಲ ಕಡೆ ಹೇಳುತ್ತಾರೆ, ನಾನೂ ಓದಿದ್ದೆ. ಅದರ ಅರ್ಥ ಕಳ್ಳರನ್ನು ಹೊರಗಿಡುವುದು ಅಂದುಕೊಂಡಿದ್ದೆ. ಇದಾದ ಮೇಲೆ ಮತ್ತೆ ತೆಗೆದು ಓದಿದೆ. ಅವರು ಮೊದಲು ಹೇಳುವ ಕಾರಣ ಆಕಸ್ಮಿಕದಿಂದ, ತಪ್ಪಿನಿಂದ ಆಗುವ ಹಾನಿ ಕಡಿಮೆಯಾಗಲಿ ಅನ್ನುವುದು. ಆಮೇಲೆ ಇನ್ನೊಂದು ಮಾತು ಬರುತ್ತದೆ. ಮುಂದೆ ಯಾವಾಗಾದರೂ ಹಕ್ಕಿನ ದುರುಪಯೋಗ ಆಯಿತು ಅನ್ನುವ ಪ್ರಶ್ನೆ ಎದ್ದರೆ, ತಪಾಸಣೆ ಮಾಡಬೇಕಾದ ಪ್ರೋಗ್ರಾಮುಗಳ ಸಂಖ್ಯೆ ಕಡಿಮೆ ಇರುತ್ತದೆ ಅಂತ. ಅವರು ಪ್ರೋಗ್ರಾಮುಗಳ ಬಗ್ಗೆ ಬರೆದದ್ದು. ನಾನು ಅದನ್ನು ಮನುಷ್ಯರ ಬಗ್ಗೆ ಓದಿಕೊಂಡೆ. ಎಲ್ಲರಿಗೂ ಎಲ್ಲದಕ್ಕೂ ಅಡ್ಡಿಲ್ಲ ಅಂದರೆ, ಏನಾದರೂ ಹೋದ ದಿನ ಎಲ್ಲರ ಮೇಲೂ ಸಂಶಯ ಬರುತ್ತದೆ. ಮತ್ತು ಸಂಶಯ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ, ಅಲ್ವಾ? ಹೊಸಬರ ಮೇಲೆ ಬೀಳುತ್ತದೆ. ಬೇರೆ ಊರಿನವರ ಮೇಲೆ, ಸಂಬಳ ಕಡಿಮೆ ಇದ್ದವರ ಮೇಲೆ ಬೀಳುತ್ತದೆ. ಆ ಹುಡುಗನಿಗೆ ಹಳೆಯ ಲೆಕ್ಕ ಓದುವ ಹಕ್ಕು ಮಾತ್ರ ಇದ್ದು, ಅಳಿಸುವ ಹಕ್ಕು ನಿಜವಾಗಿಯೂ ಇಲ್ಲದೆ ಹೋಗಿದ್ದರೆ, ಅವನನ್ನು ಯಾರೂ ಆ ಪ್ರಶ್ನೆ ಕೇಳುವ ಹಾಗೇ ಇರಲಿಲ್ಲ. ಹಕ್ಕು ಕಡಿಮೆ ಕೊಡುವುದು ಅಪನಂಬಿಕೆ ಅಂತ ಕೆಲವರಿಗೆ ಬೇಜಾರಾಗುತ್ತದೆ. ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಅವನಿಗೆ ಬೇಡದ ಹಕ್ಕನ್ನು ನಾನು ಅವನ ಹೆಗಲಿಗೆ ಹೊರಿಸಿದ್ದೆ.

ಈಗ ಆ ಯಂತ್ರದಲ್ಲಿ ಲೆಕ್ಕದ ಫೋಲ್ಡರ್ 2770 ಇದೆ. ಎಡಗಡೆಯ ಆ 2 ಇದ್ದರೆ ಒಳಗೆ ಹುಟ್ಟುವ ಹೊಸ ಫೈಲುಗಳೂ ಅದೇ ಗುಂಪಿಗೆ ಸೇರುತ್ತವೆ. ವರ್ಷ ಮುಗಿದ ಮೇಲೆ ಆ ವರ್ಷದ ಫೋಲ್ಡರನ್ನು ರೂಟ್ ಹೆಸರಿಗೆ ಮಾಡಿ, ಗುಂಪಿಗೆ ಓದುವ ಮತ್ತು ಹಾಯುವ ಹಕ್ಕು ಮಾತ್ರ ಬಿಡುತ್ತೇನೆ. ಸ್ಕ್ಯಾನರಿನ ಕೆಲಸವನ್ನು ಸರಿಯಾಗಿ ಬರೆದೆ. ಆ ಒಳಗಿನ ಅಂಚೆ ಈಗ ವಾರಕ್ಕೊಮ್ಮೆ ನನ್ನ ಮೇಲ್‌ಗೆ ಬರುತ್ತದೆ, ನಾನು ಓದುತ್ತೇನೆ. ಇಷ್ಟಕ್ಕೆ ಅರ್ಧ ದಿನ ಹಿಡಿಯಿತು.

ಆ ಸಂಜೆಯೇ ಮಾವ ಹುಡುಗನಿಗೆ ಫೋನ್ ಮಾಡಿ ತಪ್ಪಾಯಿತು ಅಂದರು. ವಯಸ್ಸಿನಲ್ಲಿ ಅಷ್ಟು ಹಿರಿಯರು ಹಾಗೆ ಹೇಳುವುದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ. ಮರಳಿ ಬಾ ಅಂದರು. ಅವನು ಬರಲಿಲ್ಲ. ಆಮೇಲೆ ನಾನು ಮಾತಾಡಿದೆ. ತಪ್ಪು ಮಾವನದ್ದಲ್ಲ, ನನ್ನದು ಅಂದೆ. ರಾತ್ರಿ ಎರಡು ಗಂಟೆಯ ಕಥೆ, ಅಂಚೆಯ ಕಥೆ ಎಲ್ಲ ಹೇಳಿದೆ. ಅವನಿಗೆ ಅರ್ಧದಲ್ಲೇ ತಿಳಿಯಿತು, ಚುರುಕು ಹುಡುಗ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಅಕ್ಕಾ, ಅದನ್ನು ಒಂದು ಕಾಗದದಲ್ಲಿ ಬರೆದು ಕಳಿಸ್ತೀರಾ? ಅಪ್ಪನಿಗೆ ತೋರಿಸ್ಬೇಕು. ಕನ್ನಡದಲ್ಲೇ ಬರೀರಿ, ಅವ್ರು ಕಂಪ್ಯೂಟರ್ ನೋಡ್ದವ್ರಲ್ಲ’ ಅಂದ.

ಬರೆದು ಕಳಿಸಿದೆ. ಒಂದೂವರೆ ಪುಟ. ಫೈಲು, ಫೋಲ್ಡರ್, ಗುಂಪು ಅನ್ನುವ ಶಬ್ದ ಆದಷ್ಟು ಕಡಿಮೆ ಮಾಡಿ, ಉಗ್ರಾಣ, ಚೀಲ, ಬಾಗಿಲು ಅಂತ ಬರೆದೆ. ಕೆಳಗೆ ನನ್ನ ಸಹಿ, ಅದರ ಪಕ್ಕದಲ್ಲಿ ಮಾವನ ಸಹಿ. ಮಾವ ಓದಿ ನೋಡಿ, ಪೆನ್ನು ಹಿಡಿದು, ‘ಆ ಬಾಗಿಲು ತೆರೆದಿಟ್ಟವರು ನಾವು’ ಅಂತ ಒಂದು ಸಾಲು ತಾವೇ ಸೇರಿಸಿದರು.